ಗಣಿತಕ್ಕೆ ಮುಂಚೆ ಇಪ್ಪತ್ತು ನಿಮಿಷ ಕೆರೆ-ದಡ: ಕಲಿಕೆಗೆ ನೆರವಾಗುವಂತೆ ಮಕ್ಕಳನ್ನು ಆಡಿಸುವುದು ಹೇಗೆ

ಪರೀಕ್ಷೆ ಹತ್ತಿರ ಬಂತೆಂದರೆ ಕೋಲಾರ ಜಿಲ್ಲೆಯ ಎಷ್ಟೋ ಪ್ರೌಢಶಾಲೆಗಳಲ್ಲಿ ಆಟದ ಪಿರಿಯಡ್ ಎಸ್ಸೆಸ್ಸೆಲ್ಸಿ ವಿಶೇಷ ತರಗತಿಯ ಪಾಲಾಗುತ್ತದೆ. ಫಲಿತಾಂಶದ ಒತ್ತಡ ಗೊತ್ತಿದ್ದವರು ಮುಖ್ಯ ಶಿಕ್ಷಕರನ್ನು ದೂರಲಾರರು. ಆದರೂ ಆ ಲೆಕ್ಕಾಚಾರ ಸರಿಯಲ್ಲ. ಆಟಕ್ಕೆ ಸಮಯ ಕೊಟ್ಟರೆ ಅಂಕ ಇಳಿಯುವುದಿಲ್ಲ ಎಂಬುದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ಸರಿಯಾದ ಹೊತ್ತಿಗೆ, ಸರಿಯಾದ ಬಗೆಯಲ್ಲಿ ಆಡಿಸಿದರೆ ಮುಂದಿನ ಪಿರಿಯಡ್‌ನಲ್ಲಿ ಮಕ್ಕಳ ಗಮನ ಹೆಚ್ಚುತ್ತದೆ.

ಮೈ ಬಿಸಿಯಾಗುವಂತೆ ಆಡಿದಾಗ ಮೆದುಳಿಗೆ ರಕ್ತದ ಹರಿವು ಹೆಚ್ಚುತ್ತದೆ, ಮನಸ್ಸನ್ನು ಎಚ್ಚರವಾಗಿಡುವ ರಾಸಾಯನಿಕಗಳೂ ಹೆಚ್ಚುತ್ತವೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಹಿಲ್ಮನ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 20 ನಿಮಿಷ ಚುರುಕಾಗಿ ನಡೆದ ಮಕ್ಕಳು ಆಮೇಲೆ ಗಮನದ ಪರೀಕ್ಷೆಯಲ್ಲೂ ಓದಿ ಅರ್ಥಮಾಡಿಕೊಳ್ಳುವುದರಲ್ಲೂ ಮೇಲುಗೈ ತೋರಿದರು. ಈ ಲಾಭ ಆ ಹೊತ್ತಿನದು. ತಿಂಗಳುಗಟ್ಟಲೆ ಆಡಿದರೆ ಸಿಗುವ ಲಾಭ ಬೇರೆ. ಅದೇ ತಂಡ 7ರಿಂದ 9 ವರ್ಷದ 221 ಮಕ್ಕಳೊಂದಿಗೆ ಒಂಬತ್ತು ತಿಂಗಳು ನಡೆಸಿದ ಕೆಲಸ 2014ರಲ್ಲಿ ಹೊರಬಂತು. ಶಾಲೆ ಬಿಟ್ಟ ಮೇಲೆ ನಿತ್ಯ ಆಡಿದ ಮಕ್ಕಳಲ್ಲಿ ಮನಸ್ಸಿನ ತವಕವನ್ನು ತಡೆಯುವ ಶಕ್ತಿ ಹೆಚ್ಚಿತ್ತು, ನಿಯಮ ಬದಲಾದಾಗ ಹೊಂದಿಕೊಳ್ಳುವ ಶಕ್ತಿಯೂ ಹೆಚ್ಚಿತ್ತು. ಇವು ಮುಂಮೆದುಳಿನ ಕೆಲಸಗಳು. ಭಾಗಾಕಾರದ ಮಧ್ಯೆ ಮುಂದಿನ ಅಂಕಿ ಇಳಿಸಿಕೊಳ್ಳುವುದನ್ನು ಮರೆಯದೆ ಮುಂದುವರಿಯುವುದಕ್ಕೂ ಇದೇ ಶಕ್ತಿ ಬೇಕು.

ಆದ್ದರಿಂದ ಮೊದಲ ಕೆಲಸ ವೇಳಾಪಟ್ಟಿಯದು. 40 ನಿಮಿಷದ ಒಂದು ಆಟದ ಪಿರಿಯಡ್ ಅನ್ನು 20 ನಿಮಿಷದ ಎರಡು ತುಂಡು ಮಾಡಿ, ಬೇರೆ ಬೇರೆ ದಿನ ಗಣಿತ ಅಥವಾ ಇಂಗ್ಲಿಷಿನ ಮುಂಚೆ ಹಾಕಿ. ದಿನದ ಕೊನೆಯ ಪಿರಿಯಡ್‌ನಲ್ಲಿ ಆಡಿದರೆ ಮೈಗೆ ಒಳ್ಳೆಯದೇ, ಆದರೆ ಪಾಠಕ್ಕೆ ಸಿಗಬೇಕಾದ ಆ ಹೊತ್ತಿನ ಲಾಭ ಮನೆ ದಾರಿಯಲ್ಲೇ ಮುಗಿಯುತ್ತದೆ. ತಿಂಡಿ ತಿನ್ನದೆ ಬರುವ ಮಕ್ಕಳು ನಮ್ಮ ಹಳ್ಳಿ ಶಾಲೆಗಳಲ್ಲಿ ಕಡಿಮೆಯಿಲ್ಲ. ಅವರಿಗೆ ಕ್ಷೀರಭಾಗ್ಯದ ಹಾಲು ಮೊದಲು, ಕಾಲು ಗಂಟೆ ಕಳೆದ ಮೇಲೆ ಓಟ. ಬಿಸಿಯೂಟದ ನಂತರ ಒಂದು ಗಂಟೆಯಾದರೂ ಜೋರಾಟ ಬೇಡ, ಹೊಟ್ಟೆ ಹಿಡಿದುಕೊಳ್ಳುತ್ತದೆ. ಮಾರ್ಚ್‌ನಿಂದ ಬೆಳಿಗ್ಗೆ 11ರೊಳಗೆ ಮುಗಿಸಿ, ಇಲ್ಲವೇ ಹೊಂಗೆಮರದ ನೆರಳಲ್ಲಿ ಆಡಿಸಿ.

ಕೆರೆ-ದಡ, ಹಂತ ಹಂತವಾಗಿ

ಯಾವ ಆಟವಾದರೂ ಆದೀತು, ಆದರೆ ಉಸಿರೂ ಏರಬೇಕು, ತಲೆಯೂ ಓಡಬೇಕು. ಎರಡೂ ಒಟ್ಟಿಗೆ ಸಿಗುವ, ಒಂದು ಪೈಸೆ ಖರ್ಚಿಲ್ಲದ ಆಟವೆಂದರೆ ಕೆರೆ-ದಡ.

30 ಮಕ್ಕಳಿಗೆ 20 ಮೀಟರ್ ಉದ್ದದ ಎರಡು ಗೆರೆ ಸಾಕು. ನಡುವೆ 8 ಮೀಟರ್ ಅಂತರವಿಟ್ಟು ಸುಣ್ಣದ ಪುಡಿ ಅಥವಾ ಬೂದಿಯಿಂದ ಎಳೆಯಿರಿ. ಒಂದು ಗೆರೆ ಕೆರೆ, ಇನ್ನೊಂದು ದಡ. ಗೆರೆಯ ಹಿಂದೆ 4-5 ಮೀಟರ್ ಖಾಲಿ ಇರಲೇಬೇಕು. ಮಕ್ಕಳು ಗೆರೆ ಮೇಲೆ ನಿಲ್ಲುವುದಿಲ್ಲ, ದಾಟಿಕೊಂಡು ಹೋಗುತ್ತಾರೆ; ಕಾಂಪೌಂಡ್ ಗೋಡೆಗೋ ಧ್ವಜಕಟ್ಟೆಗೋ ತಗಲಿ ಪೆಟ್ಟಾಗುವುದು ಹೀಗೇ. ಜಲ್ಲಿಕಲ್ಲು, ಜಾಲಿ ಮುಳ್ಳು ಮೊದಲೇ ಆರಿಸಿ ತೆಗೆಸಿ. ಹವಾಯಿ ಚಪ್ಪಲಿಯಲ್ಲಿ ಓಡಿದರೆ ಜಾರುತ್ತದೆ, ಬಿಚ್ಚಿಡಲಿ.

ಮೂರು ನಿಮಿಷ ನಿಧಾನದ ಓಟ ಮತ್ತು ಕೈಕಾಲು ಸಡಿಲಿಸುವುದು. ಆಮೇಲೆ ಎಲ್ಲರೂ ದಡದ ಮೇಲೆ. 'ಕೆರೆ' ಅಂದರೆ ಕೆರೆಗೆ ಓಟ, 'ದಡ' ಅಂದರೆ ವಾಪಸ್. ನಿಂತ ಜಾಗದ ಹೆಸರನ್ನೇ ಕೂಗಿದರೆ ಅಲುಗಾಡುವಂತಿಲ್ಲ. ಆರೇಳು ಸೆಕೆಂಡಿಗೊಂದು ಕೂಗು, ಮೂರು ನಿಮಿಷ ಆಟ, ಒಂದು ನಿಮಿಷ ನಡಿಗೆ. ಹೀಗೆ ಮೂರು ಸುತ್ತು. ಕೊನೆಯ ಐದು ನಿಮಿಷ ನಿಧಾನ ನಡಿಗೆ, ನೀರು, ಮುಖ ತೊಳೆಯುವುದು. ಈ ಐದು ನಿಮಿಷ ಉಳಿಸಲು ಹೋಗಬೇಡಿ. ಏದುಸಿರಿನಲ್ಲೇ ಬಂದು ಕೂತ ಮಗುವಿನ ಅಕ್ಷರ ಕೆಡುತ್ತದೆ, ಗಣಿತದ ಮೇಷ್ಟ್ರು ಆಟವನ್ನೇ ಬೈಯುತ್ತಾರೆ.

ಮೊದಲ ವಾರ ಇಷ್ಟೇ. ಎರಡನೇ ವಾರ ತಿರುಗಿಸಿ: 'ಕೆರೆ' ಅಂದರೆ ದಡ, 'ದಡ' ಅಂದರೆ ಕೆರೆ. ಮೂರನೇ ವಾರ, ಕೂಗಿನ ಜೊತೆ ಚಪ್ಪಾಳೆ ಬಿದ್ದರೆ ಮಾತ್ರ ತಿರುಗುಮುರುಗು, ಇಲ್ಲದಿದ್ದರೆ ಹಳೆಯ ನಿಯಮ. ಆಗ ಮಕ್ಕಳ ಕಾಲು ನೋಡಿ. ಹಿಮ್ಮಡಿ ಎದ್ದು, ಮೈ ಮುಂದೆ ವಾಲಿ, ಅಷ್ಟರಲ್ಲೇ ತಡೆದುಕೊಳ್ಳುತ್ತಾರೆ. ಆ ತಡೆಯೇ ನಮಗೆ ಬೇಕಾದ ಅಭ್ಯಾಸ. ಮಕ್ಕಳು ತಪ್ಪೇ ಮಾಡುತ್ತಿಲ್ಲವೆಂದರೆ ನಿಯಮ ಹಳಸಿದೆ, ಬದಲಿಸಿ.

ತಪ್ಪಿದವರನ್ನು ಔಟ್ ಮಾಡಿ ಕೂರಿಸಬೇಡಿ. ಮೊದಲು ಔಟಾಗುವವರು ಯಾವಾಗಲೂ ಆಟ ಹೆಚ್ಚು ಬೇಕಾದ ಮಕ್ಕಳೇ. ಐದು ಸಲ ಎಗರಿ ಮತ್ತೆ ಸಾಲಿಗೆ ಸೇರಲಿ.

ಜೋರು ಎಷ್ಟಿರಬೇಕು ಎಂದು ತಿಳಿಯಲು ಯಂತ್ರ ಬೇಡ. ಆಟದ ನಡುವೆ ಒಬ್ಬರಿಗೆ ಮೂರರ ಮಗ್ಗಿ ಹೇಳಲು ಹೇಳಿ. ಹೇಳಲು ಆಗಬೇಕು, ಆದರೆ ಹಾಡು ಹಾಡುವಷ್ಟು ಉಸಿರು ಇರಬಾರದು. ಎರಡು ಪದಕ್ಕೇ ಉಸಿರು ಕಟ್ಟಿದರೆ ನಡಿಗೆಯ ಸಮಯ ಹೆಚ್ಚಿಸಿ.

ಕೊಠಡಿಯೊಳಗೆ, ಜಗುಲಿಯಲ್ಲಿ

ಮೈದಾನವೇ ಇಲ್ಲದ ಶಾಲೆಗಳೂ ಇವೆ. ಅಲ್ಲಿ ಪಾಠದ ಮಧ್ಯೆ ನಾಲ್ಕು ನಿಮಿಷ ಬೆಂಚಿನ ಪಕ್ಕ ನಿಂತಲ್ಲೇ ಓಟ, ಎಗರುವುದು ಮಾಡಿಸಿ. ಜಗುಲಿಯಲ್ಲಿ −10ರಿಂದ +10ರವರೆಗೆ ಸಂಖ್ಯಾರೇಖೆ ಬರೆಯಿರಿ: 30 ಸೆಂ.ಮೀ. ಅಂತರದಲ್ಲಿ 21 ಗುರುತು, ಒಟ್ಟು 6 ಮೀಟರ್. ಪೂರ್ಣಾಂಕಗಳ ಪಾಠದಲ್ಲಿ 'ಮೂರರಿಂದ ಐದು ಕಳೆ' ಅಂದಾಗ ಮಗು ಹಿಂದಕ್ಕೆ ಐದು ಸಲ ಕುಪ್ಪಳಿಸಿ −2ರ ಮೇಲೆ ನಿಲ್ಲುತ್ತದೆ. ನಲಿಕಲಿ ಮಕ್ಕಳಿಗೆ 0ಯಿಂದ 20 ಸಾಕು. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಮನೆಯಲ್ಲಿ ತೆಲುಗು ಮಾತಾಡುವ ಪುಟ್ಟ ಮಕ್ಕಳಿಗೆ ಎಡ, ಬಲ, ಹಿಂದೆ, ಮುಂದೆ ಎಂಬ ಕನ್ನಡದ ಪದಗಳೂ ಈ ಕುಪ್ಪಳಿಕೆಯಲ್ಲೇ ಬಾಯಿಗೆ ಬರುತ್ತವೆ.

ಕೆಡುವುದು ಎಲ್ಲಿ

ಅರವತ್ತು ಮಕ್ಕಳಿಗೆ ಒಂದು ಚೆಂಡು ಕೊಟ್ಟರೆ ಹತ್ತು ಮಂದಿ ಆಡುತ್ತಾರೆ, ಉಳಿದವರು ನೋಡುತ್ತಾರೆ. ನಾಲ್ಕು ಗುಂಪು ಮಾಡಿ: ಒಂದಕ್ಕೆ ಖೊಖೊ, ಒಂದಕ್ಕೆ ಹಗ್ಗದಾಟ, ಒಂದಕ್ಕೆ ಲಗೋರಿ, ಒಂದಕ್ಕೆ ಕುಂಟೆಬಿಲ್ಲೆ, ಐದೈದು ನಿಮಿಷಕ್ಕೆ ಬದಲಿ. ಹೋಬಳಿ ಮಟ್ಟದ ಕ್ರೀಡಾಕೂಟಕ್ಕೆ ಆಯ್ಕೆಯಾದವರ ತರಬೇತಿಗೆ ಇಡೀ ಪಿರಿಯಡ್ ಹೋಗಬಾರದು.

ಬಸ್ಕಿ, ಮೈದಾನ ಸುತ್ತುವುದು ಶಿಕ್ಷೆಯಾಗಿ ಬರಲೇಬಾರದು. ಮೈ ದಣಿಸುವುದೆಂದರೆ ಅವಮಾನ ಎಂದು ಮಗುವಿನ ಮನಸ್ಸಿಗೆ ಹತ್ತಿಬಿಡುತ್ತದೆ. ಇದಕ್ಕಿಂತ ಕೆಟ್ಟದ್ದು, ಹೋಂವರ್ಕ್ ಮಾಡದವರಿಗೆ ಆಟ ಬಂದ್ ಮಾಡುವುದು. ಕೂತಲ್ಲಿ ಕೂರಲಾರದ ಹುಡುಗನಿಗೇ ಆ ಇಪ್ಪತ್ತು ನಿಮಿಷ ಎಲ್ಲರಿಗಿಂತ ಹೆಚ್ಚು ಬೇಕು.

ಏಳು, ಎಂಟನೇ ತರಗತಿಗೆ ಬಂದ ಹೆಣ್ಣುಮಕ್ಕಳು ಮೆಲ್ಲಗೆ ಗೋಡೆ ಪಕ್ಕ ಸರಿಯುತ್ತಾರೆ. ಹುಡುಗರ ಕಣ್ಣೆದುರು ಓಡಲು ಸಂಕೋಚ. ಅವರಿಗೇ ಮೈದಾನದ ಒಂದು ಭಾಗ ಮೀಸಲಿಡಿ, ವೇಲ್ ಸೊಂಟಕ್ಕೆ ಕಟ್ಟಿಕೊಳ್ಳಲು ಹೇಳಿ, ಮುಟ್ಟಿನ ದಿನ ಆಡುವುದೋ ಬಿಡುವುದೋ ಅವರಿಗೇ ಬಿಡಿ. ಬೇಗ ಸುಸ್ತಾಗುವ, ಕಣ್ಣಿನ ಕೆಳರೆಪ್ಪೆಯ ಒಳಗೆ ಬಿಳಿಚಿಕೊಂಡ ಮಗುವಿಗೆ ರಕ್ತಹೀನತೆ ಇರಬಹುದು. ವಾರದ ಕಬ್ಬಿಣಾಂಶದ ಮಾತ್ರೆ ಊಟದ ನಂತರ ತಪ್ಪದೆ ನುಂಗಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿ. ನಮ್ಮ ಜಿಲ್ಲೆಯ ಕೊಳವೆಬಾವಿ ನೀರಿನಲ್ಲಿ ಹಲವೆಡೆ ಫ್ಲೋರೈಡ್ ಹೆಚ್ಚು. ಮೊಣಕಾಲು, ಬೆನ್ನು ನೋವೆಂದು ಪದೇಪದೇ ಹೇಳುವ ಮಗುವನ್ನು ಸೋಮಾರಿ ಅನ್ನದೆ ವೈದ್ಯರ ಹತ್ತಿರ ಕಳುಹಿಸಿ. ಆಟದ ನಂತರ ಕುಡಿಯಲು ಶುದ್ಧ ನೀರಿನ ಘಟಕದ ನೀರು ಇರಲಿ.

ವಿಶ್ವ ಆರೋಗ್ಯ ಸಂಸ್ಥೆ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಉಸಿರೇರುವಂಥ ಚಟುವಟಿಕೆ ಬೇಕೆಂದು ಹೇಳುತ್ತದೆ. ಶಾಲೆಯ ಇಪ್ಪತ್ತು ನಿಮಿಷದಿಂದ ಅದು ತುಂಬುವುದಿಲ್ಲ. ನಡೆದೋ ಸೈಕಲ್ ತುಳಿದೋ ಶಾಲೆಗೆ ಬರುವ ದಾರಿ, ಸಂಜೆಯ ಬೀದಿಯಾಟ ಸೇರಿದರೆ ತುಂಬುತ್ತದೆ. ಪೋಷಕರ ಸಭೆಯಲ್ಲಿ ಇದನ್ನು ಬಿಡಿಸಿ ಹೇಳಿ.

ನಿಮ್ಮ ಶಾಲೆಯಲ್ಲಿ ಇದು ಕೆಲಸ ಮಾಡುತ್ತಿದೆಯೇ ಎಂದು ನೋಡಬೇಕಾದರೆ ಎರಡು ವಾರ ಗಣಿತಕ್ಕೆ ಮುಂಚೆ ಆಡಿಸಿ, ಎರಡು ವಾರ ಆಡಿಸದೆ ಬಿಡಿ. ಎರಡರಲ್ಲೂ ಒಂದೇ ಮಟ್ಟದ ಹತ್ತು ಲೆಕ್ಕ, ಐದು ನಿಮಿಷ. ಸರಿಯಾದವು ಎಷ್ಟು, ತರಗತಿ ಸುಮ್ಮನಾಗಲು ಎಷ್ಟು ನಿಮಿಷ ಹಿಡಿಯಿತು ಎಂದು ಬರೆದಿಟ್ಟುಕೊಳ್ಳಿ. ಮಳೆ ಬಂದ ದಿನ, ಹಬ್ಬದ ಮಾರನೇ ದಿನ ಲೆಕ್ಕಕ್ಕೆ ಬೇಡ. ಆ ಹಾಳೆಯನ್ನು ಮುಂದಿನ ವೇಳಾಪಟ್ಟಿ ಮಾಡುವಾಗ ಮುಖ್ಯ ಶಿಕ್ಷಕರ ಮೇಜಿನ ಮೇಲಿಡಿ.