ಪ್ರವಾಸಿಗರ ವಿಡಿಯೊದಲ್ಲಿ ಚಿಕ್ಕಮಗಳೂರಿನ ಓಡಾಟ ಎಣಿಸುವುದು ಹೇಗೆ?

ಮುಳ್ಳಯ್ಯನಗಿರಿಗೆ ಹೋಗುವವರು ಯೂಟ್ಯೂಬಿಗೆ ಹಾಕುವ ವಿಡಿಯೊಗಳಲ್ಲಿ ನನಗೆ ಬೇಕಾಗುವುದು ಬೆಟ್ಟ ಶುರುವಾಗುವ ಮುಂಚಿನ ಭಾಗ. ಐ.ಜಿ. ರಸ್ತೆ, ಎಂ.ಜಿ. ರಸ್ತೆ, ಹನುಮಂತಪ್ಪ ಸರ್ಕಲ್ ಎಲ್ಲ ಅಲ್ಲೇ ಸಿಗುತ್ತವೆ. ಸಿವಿಲ್ ಡಿಪ್ಲೊಮಾ ಮಕ್ಕಳಿಗೆ ನಾನು ಕೊಡುವ ಮೊದಲ ಕೆಲಸವೇ ಇದನ್ನು ನೋಡಿ ಎಣಿಸುವುದು.

ಮೊದಲು ಪ್ರಶ್ನೆ ಗಟ್ಟಿ ಮಾಡಿಕೊಳ್ಳಿ. ಸುಮ್ನೆ 'ಟ್ರಾಫಿಕ್ ಹೇಗಿದೆ' ಅಂದರೆ ಎಣಿಸಲು ಏನೂ ಸಿಗುವುದಿಲ್ಲ. ನನ್ನ ಪ್ರಶ್ನೆ ಇದು: ನಡೆಯುವವರು ಎಲ್ಲಿ ಫುಟ್‌ಪಾತ್ ಬಿಟ್ಟು ರಸ್ತೆಗೆ ಇಳಿಯುತ್ತಾರೆ, ಯಾಕೆ?

ಕಂಪ್ಯೂಟರಿನಲ್ಲಿ ವಿಡಿಯೊ ನಿಲ್ಲಿಸಿ, ಪೂರ್ಣವಿರಾಮದ ಕೀ ಒತ್ತಿದರೆ ಒಂದೊಂದೇ ಫ್ರೇಮ್ ಮುಂದೆ ಹೋಗುತ್ತದೆ, ಅಲ್ಪವಿರಾಮ ಒತ್ತಿದರೆ ಹಿಂದೆ. ಹೀಗೆ ನೋಡಿದರೆ ಮಾಮೂಲಿ ಓಟದಲ್ಲಿ ಕಾಣದ್ದು ಕಾಣುತ್ತದೆ. ಎರಡು ಚೀಲ ಹಿಡಿದ ಅಜ್ಜಿಯೊಬ್ಬರು ಅಡ್ಡ ನಿಲ್ಲಿಸಿದ ಸ್ಕೂಟರ್ ಹತ್ತಿರ ಬರುತ್ತಾರೆ. ತಿರುಗಿ ನೋಡುತ್ತಾರೆ. ಎರಡೂ ಚೀಲ ಒಂದೇ ಕೈಗೆ ತೆಗೆದುಕೊಂಡು ಕೆಳಗಿಳಿಯುತ್ತಾರೆ. ಬಸ್ಸು ಪಕ್ಕದಲ್ಲೇ ದಾಟುತ್ತದೆ. ಸ್ಕೂಟರ್ ಕಳೆದ ಮೇಲೆ ಮತ್ತೆ ಹತ್ತುತ್ತಾರೆ. ಹಾಳೆಯಲ್ಲಿ ಇದಕ್ಕೆ ಒಂದು ಸಾಲು: ಸಮಯ, ಜಾಗ, ಎಷ್ಟು ಜನ ಇಳಿದರು, ಅಡ್ಡ ಏನಿತ್ತು. ಸ್ಕೂಟರ್, ಚರಂಡಿ ಕಲ್ಲು, ಅಂಗಡಿ ಬೋರ್ಡು, ಎಲ್ಲವನ್ನೂ ಬೇರೆ ಬೇರೆ ಬರೆಯಿರಿ. ಯಾವ ಅಡ್ಡಿ ಜಾಸ್ತಿ ಅಂತ ಗೊತ್ತಾದರೆ ತಾನೇ ನಗರಸಭೆಗೆ ಇದನ್ನೇ ತೆಗೆಸಿ ಅಂತ ಕೇಳಲು ಆಗುವುದು!

ಓಡುವ ಕಾರಿನ ವಿಡಿಯೊದಿಂದ ವಾಹನಗಳ ಲೆಕ್ಕವೂ ಸಿಗುತ್ತದೆ. 1954ರಲ್ಲಿ ಬ್ರಿಟನ್ನಿನ ಸಂಶೋಧಕರಾದ ವಾರ್ಡ್ರಾಪ್ ಮತ್ತು ಚಾರ್ಲ್ಸ್‌ವರ್ತ್ ಕೊಟ್ಟ ವಿಧಾನ ಇದು. ಕಡೂರು ರಸ್ತೆಯಲ್ಲಿ ಊರೊಳಗೆ ಬರುವ ವಾಹನ ಎಷ್ಟು ಅಂತ ತಿಳಿಯಬೇಕು ಅಂದುಕೊಳ್ಳಿ. ಕಾರು ಹೊರಗೆ ಹೋಗುವಾಗ ಎದುರು ಸಿಕ್ಕವು 57. ಅದೇ ದೂರ ವಾಪಸ್ ಬರುವಾಗ ಕಾರನ್ನು ಹಿಂದಿಕ್ಕಿದವು 5, ಕಾರು ಹಿಂದಿಕ್ಕಿದ್ದು 2. 5ರಲ್ಲಿ 2 ಕಳೆದು ಉಳಿಯುವ 3ನ್ನು 57ಕ್ಕೆ ಸೇರಿಸಿದರೆ 60. ಹೋಗಿ ಬರಲು ಒಟ್ಟು 12 ನಿಮಿಷ ಹಿಡಿದಿದ್ದರೆ ನಿಮಿಷಕ್ಕೆ 5, ಗಂಟೆಗೆ 300 ವಾಹನ. ಹೋಗಿದ್ದೂ ಬಂದಿದ್ದೂ ಹೆಚ್ಚುಕಮ್ಮಿ ಒಂದೇ ಹೊತ್ತಿನದಾಗಿರಬೇಕು, ನಡುವೆ ಕತ್ತರಿಸಿರಬಾರದು.

ಸಾಫ್ಟ್‌ವೇರ್‌ಗೆ ಎಣಿಸಲು ಬಿಡುವವರು ಒಂದು ವಿಷಯ ಗಮನಿಸಿ. ಕೋಕೊ ಎಂಬ ಚಿತ್ರಗಳ ದತ್ತಾಂಶದಿಂದ ಕಲಿತ, ವಸ್ತು ಗುರುತಿಸುವ ಮಾದರಿಗಳಿಗೆ 80 ಬಗೆಯ ವಸ್ತು ಗೊತ್ತು, ಆಟೊ ಗೊತ್ತಿಲ್ಲ! ಆಟೊ ಕಂಡರೆ ಕಾರು ಅಂತಲೋ ಲಾರಿ ಅಂತಲೋ ಬರೆದುಕೊಳ್ಳುತ್ತವೆ. ಹೈದರಾಬಾದಿನ ಐಐಐಟಿಯ ಇಂಡಿಯನ್ ಡ್ರೈವಿಂಗ್ ಡೇಟಾಸೆಟ್‌ನಲ್ಲಿ ಆಟೊಗೆ ಪ್ರತ್ಯೇಕ ಹೆಸರಿದೆ. ಅದರಿಂದ ಕಲಿತ ಮಾದರಿಯನ್ನೇ ಬಳಸಿ.

ಪ್ರವಾಸಿಗರ ವಿಡಿಯೊ ಅಂದರೆ ಹೆಚ್ಚಾಗಿ ಶನಿವಾರ, ಭಾನುವಾರದ್ದು. ಶಾಲೆ ಬಿಡುವ ಹೊತ್ತು, ಸಂಜೆ ಬಸ್ಸಿಗೆ ಓಡುವವರು ಅದರಲ್ಲಿ ಇರುವುದಿಲ್ಲ. ಅದಕ್ಕೆ ವಾರದ ದಿನ ನೀವೇ ಹಾಳೆ ಹಿಡಿದು ಅದೇ ಜಾಗದಲ್ಲಿ ನಿಲ್ಲಬೇಕು. ಅಪ್‌ಲೋಡ್ ಆದ ದಿನವೇ ಚಿತ್ರೀಕರಣದ ದಿನ ಅಂತಲೂ ನಂಬಬೇಡಿ. ಹಬ್ಬದ ಫ್ಲೆಕ್ಸು, ಮಳೆ, ನೆರಳು ನೋಡಿ ತಾಳೆ ಹಾಕಿ.

ಆ ಅಜ್ಜಿಗೆ ತಾನು ಯಾರದೋ ವಿಡಿಯೊದಲ್ಲಿ ಇದ್ದೇನೆ ಅಂತಲೇ ಗೊತ್ತಿಲ್ಲ, ಅಲ್ವಾ? ಹಾಗಾಗಿ ವರದಿಗೆ ಚಿತ್ರ ಹಾಕುವುದಾದರೆ ಮುಖ, ನಂಬರ್ ಪ್ಲೇಟ್ ಎರಡನ್ನೂ ಮಸುಕು ಮಾಡಿ.