ಇಲಿ ಭ್ರೂಣದ ಬೆನ್ನುಮೂಳೆಯಲ್ಲಿ ಜೀನ್‌ಗಳ ಕೆಲಸ ನೋಡುವುದು ಹೇಗೆ

ಭ್ರೂಣದ ವಯಸ್ಸು ತಿಳಿಯಲು ಮೊದಲು ಸೋಮೈಟ್ ಎಣಿಸಿ. ದಿನದ ಲೆಕ್ಕವನ್ನೇ ನಂಬಿ ಕೂರಬೇಡಿ, ಒಂದೇ ತಾಯಿಯ ಹೊಟ್ಟೆಯಲ್ಲಿರುವ ಮರಿಗಳೂ ಸ್ವಲ್ಪ ಹಿಂದೆಮುಂದೆ ಇರುತ್ತವೆ. ನರನಾಳದ (ಮುಂದೆ ಮೆದುಳು, ಬೆನ್ನುಹುರಿ ಆಗುವ ಕೊಳವೆ) ಎರಡೂ ಕಡೆ ಜೋಡಿಜೋಡಿಯಾಗಿ ಮೂಡುವ ಪುಟ್ಟ ಉಂಡೆಗಳೇ ಸೋಮೈಟ್‌ಗಳು, ಮುಂದೆ ಬೆನ್ನುಮೂಳೆಯ ಮಣಿಗಳಾಗುವುದು ಇವೇ. ಸುಮಾರು 2 ಗಂಟೆಗೊಂದು ಜೋಡಿ ಹುಟ್ಟುತ್ತದೆ.

ಇಷ್ಟು ಲೆಕ್ಕವಾಗಿ ಹೇಗೆ ಅಂದರೆ, ಬಾಲದ ತುದಿಯ ಜೀವಕೋಶಗಳಲ್ಲಿ ಹೆಸ್7 ಎಂಬ ಜೀನ್ ಗಡಿಯಾರದಂತೆ ಆನ್ ಆಗಿ ಆಫ್ ಆಗುತ್ತಿರುತ್ತದೆ: ಅದರಿಂದ ತಯಾರಾದ ಪ್ರೋಟೀನೇ ಅದನ್ನು ನಿಲ್ಲಿಸುತ್ತದೆ, ಪ್ರೋಟೀನ್ ಕರಗಿದ ಮೇಲೆ ಜೀನ್ ಮತ್ತೆ ಶುರು. ಹಾಗಾಗಿ ಹೆಸ್7 ಪ್ರೋಬ್ (ಜೀನ್ ಆನ್ ಆಗಿರುವ ಕಡೆ ಅದರ ಆರ್‌ಎನ್‌ಎಗೆ ಅಂಟಿ, ಅಲ್ಲಿ ಬಣ್ಣ ಬರುವಂತೆ ಮಾಡುವ ತುಣುಕು) ಹಾಕಿದಾಗ ಒಂದು ಭ್ರೂಣದಲ್ಲಿ ಬಾಲದ ತುದಿ, ಇನ್ನೊಂದರಲ್ಲಿ ಅದಕ್ಕಿಂತ ಮೇಲಿನ ಪಟ್ಟಿ ಬಣ್ಣವಾದರೆ ಗಾಬರಿಯಾಗಬೇಡಿ. ಪ್ರಯೋಗ ಕೆಟ್ಟಿಲ್ಲ, ಗಡಿಯಾರದ ಬೇರೆ ಬೇರೆ ಗಳಿಗೆ ಸಿಕ್ಕಿದೆ ಅಷ್ಟೆ.

ನಂತರ ಹಾಕ್ಸ್ ಜೀನ್‌ಗಳ ಪ್ರೋಬ್ ಹಾಕಿ. ಯಾವ ಮಣಿ ಕುತ್ತಿಗೆಯದ್ದು, ಯಾವುದು ಎದೆಯದ್ದು ಅಂತ ಹೇಳುವುದು ಇವು. ಇಲ್ಲಿ ಬೇಕಾಗಿರುವುದು ಬಣ್ಣ ತಲೆಯ ಕಡೆ ಎಲ್ಲಿ ನಿಲ್ಲುತ್ತದೆ ಅನ್ನುವುದು, ಎಷ್ಟು ಗಾಢವಾಗಿದೆ ಅಂತಲ್ಲ. ಸೂಕ್ಷ್ಮದರ್ಶಕದ ಪಕ್ಕದಲ್ಲೇ ಕೂತು, ನೇರಳೆ ಗೆರೆ ಸ್ಪಷ್ಟವಾದ ಕೂಡಲೇ ಬಣ್ಣ ಬರುವುದನ್ನು ನಿಲ್ಲಿಸಿ. ಜಾಸ್ತಿ ಬಿಟ್ಟರೆ ಸುತ್ತೆಲ್ಲ ಬಣ್ಣ ಹಿಡಿದು ಗಡಿಯೇ ಕಾಣುವುದಿಲ್ಲ.

ಗಡಿ ಸಿಕ್ಕಿದ ಮೇಲೆ ಒಂದು ಲೆಕ್ಕ ಇದೆ, ಎಲ್ಲರೂ ಎಡವುವುದು ಇಲ್ಲೇ. ಮೊದಲ 4 ಸೋಮೈಟ್, ಜೊತೆಗೆ 5ನೆಯದರ ಮುಂದಿನ ಅರ್ಧ, ತಲೆಬುರುಡೆಯ ಹಿಂಭಾಗಕ್ಕೆ ಹೋಗುತ್ತವೆ. ಆಮೇಲೆ ಒಂದು ಸೋಮೈಟ್‌ನ ಹಿಂದಿನ ಅರ್ಧ, ಮುಂದಿನದರ ಮೊದಲ ಅರ್ಧ ಸೇರಿ ಒಂದು ಮಣಿ. ಇಲಿಗೆ ಕುತ್ತಿಗೆಯಲ್ಲಿ 7 ಮಣಿ, ಅಲ್ವಾ? ಹಾಗಾದರೆ ಎದೆಯ ಮೊದಲ ಮಣಿ 8ನೆಯದು, ಅದು ಬರುವುದು 12 ಮತ್ತು 13ನೇ ಸೋಮೈಟ್‌ಗಳಿಂದ. ಹಾಕ್ಸ್‌ಸಿ6 ಎಂಬ ಹಾಕ್ಸ್ ಜೀನ್‌ನ ಗಡಿಯನ್ನು ಅಲ್ಲೇ ಹುಡುಕಿ. ಕೋಳಿಯ ಕುತ್ತಿಗೆಯಲ್ಲಿ 14 ಮಣಿಗಳಿದ್ದರೂ ಈ ಜೀನ್ ಅಲ್ಲೂ ಕುತ್ತಿಗೆ ಮುಗಿದು ಎದೆ ಶುರುವಾಗುವ ಜಾಗದಲ್ಲೇ ನಿಲ್ಲುತ್ತದೆ. ನನಗೆ ಇದು ಎಷ್ಟು ಸಲ ನೋಡಿದರೂ ಖುಷಿ ಕೊಡುವ ವಿಷಯ.

ಕೊನೆಗೆ, ಹುಟ್ಟುವ ಹೊತ್ತಿಗೆ ಬಂದ ಮರಿಯ ಅಸ್ಥಿಪಂಜರಕ್ಕೆ ಬಣ್ಣ ಹಾಕಿ: ಮೃದ್ವಸ್ಥಿಗೆ ಆಲ್ಸಿಯನ್ ನೀಲಿ, ಮೂಳೆಗೆ ಅಲಿಜರಿನ್ ಕೆಂಪು. ಹಾಕ್ಸ್10 ಗುಂಪಿನ ಮೂರೂ ಜೀನ್ ತೆಗೆದ ಮರಿಯಲ್ಲಿ ಸೊಂಟದ ಮಣಿಗಳಿಗೂ ಪಕ್ಕೆಲುಬು ಬಂದಿರುತ್ತದೆ. ಎಣಿಸುವಾಗ ಕುತ್ತಿಗೆಯ ಮೊದಲ ಮಣಿಯಿಂದಲೇ ಶುರು ಮಾಡಿ. ಪಕ್ಕೆಲುಬು ಹಿಡಿದು ಎಣಿಸಿದರೆ ಇಂಥ ಮರಿಯಲ್ಲಿ ಲೆಕ್ಕ ತಪ್ಪುತ್ತದೆ.