ಯಾವ ಡಬ್ಬ ಮೊದಲು ಖಾಲಿಯಾಯ್ತು: ಕೊರೊನಾ ಶುರುವಿನಲ್ಲಿ ನಮ್ಮ ಮೆಡಿಕಲ್ ಶಾಪ್

ಶಿರಸಿ ಪೇಟೆಯಲ್ಲಿ ನಮ್ಮದೊಂದು ಸಣ್ಣ ಮೆಡಿಕಲ್ ಶಾಪ್. 2020ರ ಮಾರ್ಚ್‌ನಿಂದ ಮೇವರೆಗೆ ಊರಿನವರಿಗೆ ಯಾವಾಗ ಯಾವುದರ ಹೆದರಿಕೆ ಇತ್ತು ಅಂತ ತಿಳಿಯಬೇಕಾದರೆ ನಾನು ಹಳೆ ಪೇಪರ್ ಹುಡುಕುವುದಿಲ್ಲ, ಬಿಲ್ ಬುಕ್ ತೆಗೆಯುತ್ತೇನೆ. ಮೊದಲು ಮಾಸ್ಕ್ ಖಾಲಿಯಾಯಿತು. ಆಮೇಲೆ ಸ್ಯಾನಿಟೈಸರ್. ಅದರ ಬೆನ್ನಿಗೆ ವಿಟಮಿನ್ ಸಿ, ಥರ್ಮಾಮೀಟರ್. ನಂತರ ಬಿಪಿ, ಶುಗರ್ ಗುಳಿಗೆಗೆ ಮುಗಿಬಿದ್ದರು. ಕಡೆಗೆ ಪ್ಯಾರಾಸಿಟಮಾಲ್ ಕೇಳುವವರೇ ಇಲ್ಲವಾದರು. ಊರೆಲ್ಲ ಜ್ವರದ್ದೇ ಮಾತು, ಜ್ವರದ ಗುಳಿಗೆಗೆ ಮಾತ್ರ ಗಿರಾಕಿ ಇಲ್ಲ!

ಶಿರಸಿಯವರ ಚಿಂತೆ ಬೇರೆ ಊರಿನವರದ್ದಕ್ಕಿಂತ ಸ್ವಲ್ಪ ಬೇರೆಯಾಗಿತ್ತು. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆ ಆ ಸಲ ಮಾರ್ಚ್ 3ರಿಂದ 11ರವರೆಗೆ ಇತ್ತು. ಅಮ್ಮನವರು ಬಿಡಕಿ ಬೈಲಿನ ಗದ್ದುಗೆ ಮೇಲೆ ಕೂತರೆ ಕೇಳಬೇಕಾ, ಘಟ್ಟದ ಮೇಲಿನವರು ಕೆಳಗಿನವರು, ಹಾವೇರಿ ಹುಬ್ಬಳ್ಳಿಯವರು, ಗೋವಾದಲ್ಲಿರುವವರು, ಬೆಂಗಳೂರಿನ ಮಕ್ಕಳು ಮೊಮ್ಮಕ್ಕಳು, ಎಲ್ಲರೂ ಒಂದೇ ಬೈಲಿನಲ್ಲಿ. ಜಾತ್ರೆ ಮುಗಿದ ದಿನವೇ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಜಾಗತಿಕ ಪಿಡುಗು ಅಂತ ಘೋಷಿಸಿತು. ಮಾರನೇ ದಿನ ಕಲಬುರಗಿಯ ಸುದ್ದಿ. 10ನೇ ತಾರೀಕು ತೀರಿಕೊಂಡ ವೃದ್ಧರಿಗೆ ಕೊರೊನಾ ಇದ್ದದ್ದು ಖಚಿತವಾಯಿತು, ಅದು ದೇಶದಲ್ಲೇ ಮೊದಲ ಸಾವು. ಟಿವಿಯಲ್ಲಿ ದಿನವಿಡೀ ಅದೇ.

ಅವತ್ತಿನಿಂದ ಕೌಂಟರಿಗೆ ಬಂದವರೆಲ್ಲ ತಮ್ಮ ಔಷಧಿ ತಗೊಂಡು, ಚಿಲ್ಲರೆ ಎಣಿಸಿ, ಹೊರಡುವ ಮುಂಚೆ ದನಿ ತಗ್ಗಿಸಿ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಜಾತ್ರೆಗೆ ಹೋಗಿದ್ದೆ. ಏನಾದ್ರೂ ಆಗ್ತದ?"

"ಏನೂ ಆಗಲ್ಲ" ಅಂತ ನಾನು ಯಾರಿಗೂ ಹೇಳಲಿಲ್ಲ. ಹಾಗೆ ಹೇಳಿದರೆ ಜನ ನಂಬುವುದೂ ಇಲ್ಲ. ಸೋಂಕು ತಗಲಿದರೆ ಸಾಮಾನ್ಯವಾಗಿ ಹದಿನಾಲ್ಕು ದಿನದೊಳಗೆ ಗೊತ್ತಾಗುತ್ತದೆ ಅಂತ ಆಗ ಹೇಳುತ್ತಿದ್ದರು. ಹಾಗಾಗಿ ಕೌಂಟರ್ ಹಿಂದಿನ ಕ್ಯಾಲೆಂಡರ್ ತೋರಿಸುತ್ತಿದ್ದೆ. "ನೀವು ಹೋದದ್ದು ಯಾವ ದಿನ? ಅಲ್ಲಿಂದ ಹದಿನಾಲ್ಕು ಎಣಿಸಿ. ಅಷ್ಟರೊಳಗೆ ಜ್ವರ, ಕೆಮ್ಮು, ಉಸಿರಿಗೆ ಕಷ್ಟ ಬಂದರೆ ಸೀದಾ ಸರ್ಕಾರಿ ಆಸ್ಪತ್ರೆಗೆ ಹೋಗಿ, ನನ್ನ ಹತ್ರ ಬರಬೇಡಿ." ಎಣಿಸಲಿಕ್ಕೆ ಒಂದು ತಾರೀಕು ಸಿಕ್ಕಿತು ಅಂದರೆ ಮುಖದ ಗಂಟು ಅರ್ಧ ಬಿಚ್ಚುತ್ತಿತ್ತು. ಜಾತ್ರೆಯ ಕೊನೆ ದಿನ ಹೋದವರಿಗೆ ಲೆಕ್ಕ ಮುಗಿಯುವುದು ಮಾರ್ಚ್ 25ಕ್ಕೆ, ಯುಗಾದಿ ದಿನ. ಹಬ್ಬದವರೆಗೆ ಕಳೆದರೆ ಗೆದ್ದೆವು ಅಂತ ಎಷ್ಟೋ ಮನೆಯವರು ಕೂತಿದ್ದರು. 24ರ ರಾತ್ರಿ ಎಂಟಕ್ಕೆ ಲಾಕ್‌ಡೌನ್ ಅಂದರು. ನಮ್ಮೂರಿನ ಗಡುವು ಮುಗಿಯುವ ದಿನವೇ ದೇಶದ ಇಪ್ಪತ್ತೊಂದು ದಿನದ ಗಡುವು ಶುರು.

ಮಾಸ್ಕಿನ ಕಥೆ ಬೇಗ ಮುಗಿಸುತ್ತೇನೆ. ಮಾರ್ಚ್ ಮಧ್ಯದಲ್ಲಿ ಕೇಂದ್ರ ಸರ್ಕಾರ ಮಾಸ್ಕ್, ಸ್ಯಾನಿಟೈಸರ್ ಎರಡನ್ನೂ ಅಗತ್ಯ ವಸ್ತುಗಳ ಪಟ್ಟಿಗೆ ಸೇರಿಸಿತು. ಒಂದು ವಾರದ ಹೊತ್ತಿಗೆ ದರವನ್ನೂ ಕಟ್ಟಿತು. ಮೂರು ಪದರದ ಮಾಸ್ಕಿಗೆ 10 ರೂಪಾಯಿ, 200 ಮಿಲಿ ಸ್ಯಾನಿಟೈಸರಿಗೆ 100 ರೂಪಾಯಿ, ಅದರ ಮೇಲೆ ಒಂದು ಪೈಸೆ ಇಲ್ಲ. ಒಳ್ಳೆಯದೇ. ಆದರೆ ನಮಗೆ ಹೋಲ್‌ಸೇಲ್‌ನಲ್ಲೇ ಅದಕ್ಕಿಂತ ಜಾಸ್ತಿ ಹೇಳುತ್ತಿದ್ದರು. ಜಾಸ್ತಿಗೆ ತಂದು ಕಡಿಮೆಗೆ ಮಾರುವ ಶಕ್ತಿ ನನಗಿಲ್ಲ, ಕದ್ದು ಮಾರುವ ಮನಸ್ಸೂ ಇರಲಿಲ್ಲ. ತರಿಸುವುದನ್ನೇ ನಿಲ್ಲಿಸಿದೆ. ಪರಿಚಯದ ಟೇಲರ್ ಒಬ್ಬರು ಮನೆಯಲ್ಲಿ ಸುಮ್ನೆ ಕೂತಿದ್ದರು. ಹತ್ತಿ ಬಟ್ಟೆಯ ಎರಡು ಪದರದ ಮಾಸ್ಕ್ ಹೊಲಿಯಲು ಹೇಳಿದೆ. ತೊಳೆದು ಬಿಸಿಲಿಗೆ ಹಾಕಿ ಮತ್ತೆ ಹಾಕಿಕೊಳ್ಳಬಹುದು. ಏಪ್ರಿಲ್ ಮೊದಲ ವಾರದಲ್ಲಿ ಸರ್ಕಾರವೂ ಮನೆಯಲ್ಲಿ ಹೊಲಿದ ಬಟ್ಟೆ ಮಾಸ್ಕ್ ಸಾಕು ಅಂದಿತು.

ನಮ್ಮ ಕಡೆಯವರಿಗೆ ಮಾಸ್ಕಿನ ನಿಜವಾದ ಸಮಸ್ಯೆ ದರದ್ದಲ್ಲ, ಕವಳದ್ದು, ಅಂದರೆ ಎಲೆಅಡಿಕೆಯದ್ದು. ಬಾಯಿ ತುಂಬ ಕವಳ, ಮೇಲೆ ಮಾಸ್ಕ್, ಉಗುಳಿದರೆ ದಂಡ. ಕೆಲವರು ಮಾಸ್ಕನ್ನು ಗದ್ದಕ್ಕೆ ಇಳಿಸಿಯೇ ಇಡೀ ಲಾಕ್‌ಡೌನ್ ಕಳೆದರು.

ಸ್ಯಾನಿಟೈಸರ್ ಇಲ್ಲ ಅಂದಾಗ ಸ್ಪಿರಿಟ್ ಕೇಳಿದರು, ಅದೂ ಮುಗಿದ ಮೇಲೆ ಹೈಡ್ರೋಜನ್ ಪೆರಾಕ್ಸೈಡ್ ಕೇಳಿದರು. "ಮನೆಯಲ್ಲಿ ಸೋಪಿಲ್ವಾ?" ಅಂತ ಕೇಳಿದರೆ ಸಿಟ್ಟು ಬರುತ್ತಿತ್ತು, ನಾನು ಬೇಕಂತಲೇ ಅಡಗಿಸಿಟ್ಟಿದ್ದೇನೆ ಅನ್ನುವ ಹಾಗೆ. ಸೋಪಿನ ನೊರೆಯಲ್ಲಿ ಇಪ್ಪತ್ತು ಸೆಕೆಂಡ್ ಕೈ ಉಜ್ಜಿದರೆ ಈ ವೈರಸ್ಸಿನ ಹೊರಗಿನ ಕೊಬ್ಬಿನ ಪೊರೆಯೇ ಒಡೆದುಹೋಗುತ್ತದೆ, ಮನೆಯಲ್ಲಿ ಇರುವವರಿಗೆ ಅದಕ್ಕಿಂತ ಒಳ್ಳೆಯದು ಬೇಡ ಅಂತ ಬಿಡಿಸಿ ಹೇಳಬೇಕಾಗುತ್ತಿತ್ತು. ಇಪ್ಪತ್ತು ರೂಪಾಯಿಯ ಸೋಪಿನ ಮೇಲೆ ಜನಕ್ಕೆ ನಂಬಿಕೆ ಬರುವುದು ಕಷ್ಟ.

ಅಂಗಡಿ ಮುಂದೆ ಸೀಮೆಸುಣ್ಣದಲ್ಲಿ ವೃತ್ತ ಬರೆದೆ. ಅದು ನಿಲ್ಲಲಿಲ್ಲ, ಪೇಂಟ್ ತಂದು ಬರೆದೆ. ಬಾಗಿಲಿಗೆ ಟೇಬಲ್ ಅಡ್ಡ ಇಟ್ಟು ಹಗ್ಗ ಕಟ್ಟಿದೆ. ಹಣಕ್ಕೊಂದು ಸ್ಟೀಲ್ ತಟ್ಟೆ. ಒಂದು ಬೆಳಿಗ್ಗೆ ಸಾಲಿನಲ್ಲಿ ನಿಂತ ಹಿರಿಯರೊಬ್ಬರಿಗೆ ಕವಳ ನೆತ್ತಿಗೆ ಹತ್ತಿ ಕೆಮ್ಮು ಬಂತು. ಬಿಟ್ಟೂಬಿಡದೆ ಕೆಮ್ಮು, ಕಣ್ಣಲ್ಲಿ ನೀರು. ನೋಡನೋಡುತ್ತ ಹಿಂದಿನ ಮೂರು ವೃತ್ತ ಖಾಲಿ. ಮುಂದಿನವರು ತಮ್ಮ ಚೀಟಿ ತಟ್ಟೆಯಲ್ಲೇ ಬಿಟ್ಟು ರಸ್ತೆ ಆಚೆಗೆ ಹೋಗಿ ನಿಂತರು. ಪಾಪ ಅವರು ಕೈ ಎತ್ತಿ, "ತಮಾ, ಯಂಗೆ ಎಂತೂ ಆಜಿಲ್ಲೆ, ಕವಳ ನೆತ್ತಿಗೆ ಹತ್ತಿದ್ದು" ಅಂತ ನನಗೂ ರಸ್ತೆಗೂ ಕೇಳುವ ಹಾಗೆ ಕೂಗಿದರು. ಯಾರೂ ವಾಪಸ್ ಬರಲಿಲ್ಲ. ಅವರಿಗೆ ನೀರು ಕೊಟ್ಟು, ಗುಳಿಗೆ ಕೊಟ್ಟು ಕಳಿಸಿದ ಮೇಲೆಯೇ ಸಾಲು ಮತ್ತೆ ಕೂಡಿತು.

ಥರ್ಮಾಮೀಟರ್ ಕೊಂಡವರದ್ದು ಇನ್ನೊಂದು ಕಥೆ. ಗಂಟೆಗೊಮ್ಮೆ ನೋಡುವುದು, ನನಗೆ ಫೋನ್ ಮಾಡುವುದು. ಒಬ್ಬ ಅಕ್ಕ ಸಂಜೆ ಫೋನ್ ಮಾಡಿ ಅಳುವ ದನಿಯಲ್ಲಿ "100 ತೋರಿಸ್ತಿದೆ" ಅಂದರು. ಮೈ ಬಿಸಿ ಇದೆಯಾ? ಇಲ್ಲ. ಚಳಿ? ಇಲ್ಲ. ಈಗ ಏನು ಮಾಡ್ತಿದ್ರಿ? "ಕಷಾಯ ಕುಡೀತಿದ್ದೆ." ಶುಂಠಿ, ಕಾಳುಮೆಣಸು, ಅಮೃತಬಳ್ಳಿ ಹಾಕಿದ ಬಿಸಿಬಿಸಿ ಕಷಾಯ ಕುಡಿದು ಅದೇ ಬಾಯಲ್ಲಿ ಥರ್ಮಾಮೀಟರ್ ಇಟ್ಟರೆ ಮತ್ತೇನು ತೋರಿಸೀತು! ಅರ್ಧ ಗಂಟೆ ಬಿಟ್ಟು ನೋಡಿ ಅಂದೆ. ಆಮೇಲೆ ಅವರ ಫೋನ್ ಬರಲಿಲ್ಲ. ಅವತ್ತಿನಿಂದ ಥರ್ಮಾಮೀಟರ್ ಕೊಡುವಾಗಲೇ ಹೇಳಿಬಿಡುತ್ತಿದ್ದೆ: ಕಷಾಯ ಕುಡಿದ ತಕ್ಷಣ ಬೇಡ.

ನನಗೆ ನಿಜವಾಗಿ ನಿದ್ದೆ ಕೆಡಿಸಿದ್ದು ಮಾಸ್ಕೂ ಅಲ್ಲ, ಸ್ಯಾನಿಟೈಸರೂ ಅಲ್ಲ. ದಿನನಿತ್ಯದ ಗುಳಿಗೆ. ನಮಗೆ ಮಾಲು ಬರುವುದು ಹುಬ್ಬಳ್ಳಿಯಿಂದ, ಹೆಚ್ಚಿನದ್ದು ಬಸ್ಸಿನಲ್ಲಿ ಪಾರ್ಸೆಲ್ ಆಗಿ. ಬಸ್ಸೇ ನಿಂತಿತು. ಅದೇ ಹೊತ್ತಿಗೆ ಪೇಟೆಯವರು ಮೂರು ತಿಂಗಳದ್ದು, ಆರು ತಿಂಗಳದ್ದು ಬಿಪಿ ಗುಳಿಗೆ ಒಟ್ಟಿಗೆ ಕೇಳತೊಡಗಿದರು. ಗಾಡಿ ಇದ್ದವರು, ಕೈಯಲ್ಲಿ ಹಣ ಇದ್ದವರು ಮೊದಲು ಬಂದರು. ಹೀಗೇ ಬಿಟ್ಟರೆ ಹಳ್ಳಿಯಿಂದ ಬರಲಾಗದ ಮುದುಕರಿಗೆ ಏನೂ ಉಳಿಯುವುದಿಲ್ಲ ಅಂತ ಎರಡೇ ದಿನದಲ್ಲಿ ಗೊತ್ತಾಯಿತು. ಯಾರೇ ಬರಲಿ, ಹದಿನೈದು ದಿನದ್ದು ಮಾತ್ರ ಅಂತ ಬೋರ್ಡ್ ಹಾಕಿದೆ. ಜಗಳ ಆಯಿತು. ಹತ್ತಿರದ ನೆಂಟರೂ ಮುಖ ತಿರುಗಿಸಿದರು. ನಾನು ಬಗ್ಗಲಿಲ್ಲ.

ಆಮೇಲೆ ಒಂದು ನೋಟ್‌ಬುಕ್ ಮಾಡಿದೆ. ಖಾಯಂ ಗಿರಾಕಿಗಳ ಹೆಸರು, ಊರು, ಗುಳಿಗೆ, ಯಾವಾಗ ಮುಗಿಯುತ್ತದೆ. ಇನ್ಸುಲಿನ್ ತಗೊಳ್ಳುವವರು, ಫಿಟ್ಸ್ ಗುಳಿಗೆಯವರು, ಥೈರಾಯ್ಡಿನವರು, ಹೃದಯದವರು ಮೊದಲ ಪುಟದಲ್ಲಿ. ಇವರದ್ದು ತಪ್ಪಬಾರದು. ಅವರಿಗೆ ನಾನೇ ಫೋನ್ ಮಾಡಿ ಎಷ್ಟು ಉಳಿದಿದೆ ಅಂತ ಕೇಳುತ್ತಿದ್ದೆ. ಅದನ್ನು ನೋಡಿಕೊಂಡೇ ಹುಬ್ಬಳ್ಳಿಗೆ ಆರ್ಡರ್. ಪಾಸ್ ಇದ್ದ ತರಕಾರಿ ಗಾಡಿಯವರು ಬರುವಾಗ ನಮ್ಮ ಪೆಟ್ಟಿಗೆಯನ್ನೂ ಹಾಕಿಕೊಂಡು ಬರುತ್ತಿದ್ದರು.

ಇನ್ನು ಹಳ್ಳಿಗೆ ಕಳಿಸುವುದು ಹೇಗೆ? ಬಸ್ಸಿಲ್ಲ, ಕೆಲವು ಊರಿನ ರಸ್ತೆಗೆ ಊರವರೇ ಬಿದಿರು ಅಡ್ಡ ಹಾಕಿದ್ದರು. ಎಲ್ಲ ಕಡೆ ಹೋಗುತ್ತಿದ್ದದ್ದು ಹಾಲಿನ ಗಾಡಿ ಒಂದೇ. ಬೆಳಿಗ್ಗೆ ಡೇರಿಗೆ ಹಾಲು ಕೊಡಲು ಬಂದವರು ಚೀಟಿ ಕೊಡುವುದು, ಡ್ರೈವರ್ ತಂದು ನನ್ನ ತಟ್ಟೆಗೆ ಹಾಕುವುದು, ನಾನು ಕವರಿನ ಮೇಲೆ ಹೆಸರು ಬರೆದು ಕಟ್ಟುವುದು, ಮರುದಿನ ಡೇರಿಯಲ್ಲಿ ಅವರ ಕೈಗೆ. ಹಣ ಆಮೇಲೆ. ಉದ್ರಿ ಪುಸ್ತಕ ದಪ್ಪ ಆಯಿತು, ಆದರೆ ಒಬ್ಬರೂ ಮುಳುಗಿಸಲಿಲ್ಲ.

ಚೀಟಿ ಅಂದರೆ ಡಾಕ್ಟರ ಚೀಟಿ ಅಂದುಕೊಳ್ಳಬೇಡಿ. ಹೆಚ್ಚಿನದ್ದು ಖಾಲಿ ಸ್ಟ್ರಿಪ್ಪಿನ ತುಂಡು. ಅದೂ ಗುಳಿಗೆ ತೆಗೆಯುವಾಗ ಹೆಸರು ಇದ್ದ ಬದಿಯಿಂದಲೇ ಕತ್ತರಿಸಿ, ಕೊನೆಗೆ ಉಳಿದದ್ದು ಬ್ಯಾಚ್ ನಂಬರ್ ಮತ್ತು ಅರ್ಧ ಅಕ್ಷರ. ಒಂದು ಕಾಗದದಲ್ಲಿ "ಕೆಂಪು ಸಣ್ಣದು, ರಾತ್ರಿದು" ಅಂತ ಬರೆದಿತ್ತು, ಅಷ್ಟೇ. ಬಣ್ಣ ನೋಡಿ ನಾನು ಔಷಧಿ ಕೊಡುವುದಿಲ್ಲ. ಕೆಂಪು ಸಣ್ಣದು ನಮ್ಮಲ್ಲಿ ಹತ್ತಾರು ಇವೆ. ಮನೆಗೆ ಫೋನ್ ಮಾಡಿ, ಬೆಂಗಳೂರಿನಿಂದ ಬಂದು ಗುಡ್ಡದ ಮೇಲೆ ನೆಟ್‌ವರ್ಕ್ ಹುಡುಕಿ ಕೂತಿದ್ದ ಮೊಮ್ಮಗನನ್ನು ಹಿಡಿದು, ಹಳೆ ಫೈಲಿನ ಫೋಟೋ ತರಿಸಿಕೊಂಡ ಮೇಲೆಯೇ ಕಟ್ಟಿದ್ದು.

ಇನ್ಸುಲಿನ್ ಮಾತ್ರ ಹಾಗೆ ಕಳಿಸಲು ಬರುವುದಿಲ್ಲ. ತೆರೆಯದ ಬಾಟಲಿ 2ರಿಂದ 8 ಡಿಗ್ರಿಯಲ್ಲಿರಬೇಕು, ಹೆಪ್ಪುಗಟ್ಟಲೂಬಾರದು. ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ, ಐಸ್ ತಾಗದ ಹಾಗೆ ಥರ್ಮಾಸಿನಲ್ಲಿ ಇಟ್ಟು ಕಳಿಸುತ್ತಿದ್ದೆ. ಏಪ್ರಿಲ್‌ನಲ್ಲಿ ಗುಡುಗು ಮಳೆ ಬಂದರೆ ಹಳ್ಳಿಯಲ್ಲಿ ಕರೆಂಟ್ ಹೋದದ್ದು ಯಾವಾಗ ಬರುತ್ತದೋ. ಹಾಗಾದಾಗ ಫ್ರಿಜ್ಜಿನಿಂದ ತೆಗೆದು, ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಮಡಕೆಯಲ್ಲಿ, ನೀರು ತಾಗದ ಹಾಗೆ ಇಡಿ ಅಂತ ಕವರಿನ ಮೇಲೇ ಬರೆಯುತ್ತಿದ್ದೆ.

ಅದೇ ಹೊತ್ತಿಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಹುಚ್ಚು, ಮಲೇರಿಯಾಕ್ಕೆ, ಕೀಲುವಾತಕ್ಕೆ ಕೊಡುವ ಗುಳಿಗೆ ಅದು. ಆರೋಗ್ಯ ಸಿಬ್ಬಂದಿಗೆ, ಸೋಂಕಿತರ ಮನೆಯವರಿಗೆ ಕೊಡಬಹುದು ಅಂತ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಹೇಳಿತು, ಊರಿನವರಿಗೆ ಕೇಳಿಸಿದ್ದು "ಕೊರೊನಾಕ್ಕೆ ಗುಳಿಗೆ ಬಂತು" ಅಂತ. ಮಾರ್ಚ್ 26ಕ್ಕೆ ಅದನ್ನು ಶೆಡ್ಯೂಲ್ ಎಚ್1ಕ್ಕೆ ಹಾಕಿದರು. ಡಾಕ್ಟರ ಚೀಟಿ ಬೇಕೇ ಬೇಕು, ರೋಗಿಯ ಹೆಸರು, ಡಾಕ್ಟರ ಹೆಸರು ಬೇರೆ ರಿಜಿಸ್ಟರಿನಲ್ಲಿ ಬರೆಯಬೇಕು. ನನಗೆ ಅದು ಉಪಕಾರವೇ ಆಯಿತು, "ಇಲ್ಲ" ಅನ್ನಲು ಒಂದು ಕಾನೂನು ಸಿಕ್ಕಿತು. ಆ ಗುಳಿಗೆಯನ್ನೇ ನಂಬಿ ಬದುಕುವ ಕೀಲುವಾತದ ಹೆಂಗಸರು ನಮ್ಮಲ್ಲಿ ಇದ್ದಾರೆ. ಬೆರಳು ಬಾತು ಪಾತ್ರೆ ಹಿಡಿಯಲಾಗದವರು. ಇದ್ದದ್ದನ್ನು ಅವರ ಹೆಸರು ಬರೆದು ತೆಗೆದಿಟ್ಟೆ. ಹೃದಯದ ಬಡಿತಕ್ಕೆ ತೊಂದರೆ ಕೊಡಬಲ್ಲ ಔಷಧಿ ಅದು, ಸುಮ್ನೆ ನುಂಗುವಂಥದ್ದಲ್ಲ.

ಜ್ವರದ ವಿಷಯದಲ್ಲಿ ನಮ್ಮ ಸೀಮೆಗೆ ಇನ್ನೊಂದು ತಲೆನೋವು, ಮಂಗನ ಕಾಯಿಲೆ, ಕಾಡಿನ ಉಣ್ಣೆ ಕಚ್ಚಿ ಬರುವ ಜ್ವರ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡದ್ದು. ಸಿದ್ದಾಪುರ ಕಡೆ ಆ ಬೇಸಿಗೆಯಲ್ಲೂ ಇತ್ತು. ಹಾಗಾಗಿ ಯಾರಾದರೂ ಜ್ವರ ಅಂದರೆ ನಾನು ಎರಡು ಥರದ ಪ್ರಶ್ನೆ ಕೇಳಬೇಕಿತ್ತು. ಬೆಂಗಳೂರು, ಗೋವಾ, ಮುಂಬೈ ಕಡೆಯಿಂದ ಯಾರಾದರೂ ಬಂದಿದ್ದಾರಾ? ಕೆಮ್ಮಿದೆಯಾ? ಇಲ್ಲ ಅಂದರೆ, ದರಕು (ಒಣಗಿದ ಎಲೆ) ತರಲು ಬೆಟ್ಟಕ್ಕೆ ಹೋಗಿದ್ರಾ? ಉಣುಗು (ಉಣ್ಣೆ) ಕಚ್ಚಿದೆಯಾ? ಹತ್ತಿರ ಮಂಗ ಸತ್ತಿದೆಯಾ? ತಲೆ ಸಿಡಿಯುವ ನೋವು, ಸೊಂಟ ಮುರಿದಂಥ ನೋವು ಇದೆಯಾ? ಎರಡಕ್ಕೂ ಔಷಧಿ ನನ್ನ ಅಂಗಡಿಯಲ್ಲಿಲ್ಲ, ಎರಡಕ್ಕೂ ಆಸ್ಪತ್ರೆಗೇ ಹೋಗಬೇಕು. ಆದರೆ ಅಲ್ಲಿ ಏನು ಹೇಳಬೇಕು ಅಂತ ಗೊತ್ತಿದ್ದರೆ ಸರಿಯಾದ ಪರೀಕ್ಷೆ ಬೇಗ ಆಗುತ್ತದೆ. ಕೊರೊನಾ ಗದ್ದಲದಲ್ಲಿ ಕಾಡಿಗೆ ಹೋಗುವಾಗ ಉಣುಗು ಹತ್ತದ ಹಾಗೆ ಡಿಎಂಪಿ ಎಣ್ಣೆ ಹಚ್ಚುವುದನ್ನೇ ಕೆಲವರು ಮರೆತಿದ್ದರು. ಟಿವಿಯಲ್ಲಿ ಅದರ ಸುದ್ದಿ ಇಲ್ಲವಲ್ಲ.

ಮಾರ್ಚ್ ಕೊನೆಗೆ ಭಟ್ಕಳದಲ್ಲಿ ಜಿಲ್ಲೆಯ ಮೊದಲ ಪ್ರಕರಣಗಳು ಬಂದ ಮೇಲೆ ಹೆದರಿಕೆಯ ಬಣ್ಣ ಬದಲಾಯಿತು. ಅಲ್ಲಿಯವರೆಗೆ ಕಾಯಿಲೆಯ ಭಯ. ಆಮೇಲೆ ಹೆಸರು ಹೊರಬರುವ ಭಯ. ಮನೆಗೆ ನೋಟಿಸ್ ಅಂಟಿಸುತ್ತಾರೆ, ಕೈಗೆ ಸೀಲ್ ಹಾಕುತ್ತಾರೆ, ಹಾಲು ತಗೊಳ್ಳುವವರು ನಿಲ್ಲಿಸುತ್ತಾರೆ. ಜ್ವರ, ಕೆಮ್ಮಿನ ಔಷಧಿ ಕೊಂಡವರ ಹೆಸರು, ಫೋನ್ ನಂಬರ್ ಬರೆದುಕೊಡಬೇಕು ಅಂತ ನಮಗೆ ಹೇಳಿದ ಮೇಲಂತೂ ಊರಿನಲ್ಲಿ ಯಾರಿಗೂ ಜ್ವರವೇ ಇಲ್ಲ! "ಮೈಕೈ ನೋವಿಗೆ ಒಂದು ಗುಳಿಗೆ." "ಹಲ್ಲು ನೋವು." "ನನಗಲ್ಲ, ಮನೆಯಲ್ಲಿ ಇಟ್ಟುಕೊಳ್ಳಲಿಕ್ಕೆ." ಕಣ್ಣು ಕೆಂಪಾಗಿ ಶಾಲು ಹೊದ್ದು ಬಂದವರೂ ಹಲ್ಲು ನೋವು ಅನ್ನುತ್ತಿದ್ದರು.

ನಾನು ವಾದ ಮಾಡುತ್ತಿರಲಿಲ್ಲ. "ಆಯ್ತು, ಹಲ್ಲು ನೋವು. ಹಲ್ಲು ನೋವಿನ ಜೊತೆ ಮೈ ಬಿಸಿಯಾದರೆ, ಏದುಸಿರು ಬಂದರೆ ಏನು ಮಾಡಬೇಕು ಗೊತ್ತಲ್ಲ?" ಅಂತ ಆಸ್ಪತ್ರೆ ವಿಷಯ ಹೇಳಿ, ನಂಬರ್ ಬರೆದುಕೊಂಡು, ಸಂಜೆ ನಾನೇ ಫೋನ್ ಮಾಡುತ್ತಿದ್ದೆ. ಸಾಲಿನಲ್ಲಿ ನಾಲ್ಕು ಜನ ಕೇಳಿಸಿಕೊಳ್ಳುವಾಗ ಬಾಯಿ ಬಿಡದವರು ಫೋನಿನಲ್ಲಿ ನಿಜ ಹೇಳುತ್ತಿದ್ದರು. ಇಬ್ಬರು ಮೂವರನ್ನು ಹಾಗೆ ಒಪ್ಪಿಸಿ ಪರೀಕ್ಷೆಗೆ ಕಳಿಸಿದೆ. ರಿಜಿಸ್ಟರ್ ಬರೆಯುವುದು ಸರಿಯೇ, ಆದರೆ ಹೇಳಿದವರ ಹೆಸರು ಊರಿಗೆ ಹರಡುವುದಿಲ್ಲ ಅಂತ ಭರವಸೆ ಇಲ್ಲದಿದ್ದರೆ ರಿಜಿಸ್ಟರ್ ತುಂಬ ಬರೀ ಹಲ್ಲು ನೋವೇ ಇರುತ್ತದೆ.

ಮೇ 19ಕ್ಕೆ ಬಸ್ ಶುರುವಾಯಿತು. ಹಾಲಿನ ಗಾಡಿಯ ಕವರುಗಳು ಕಡಿಮೆಯಾದವು, ಹುಬ್ಬಳ್ಳಿ ಪಾರ್ಸೆಲ್ ಮೊದಲಿನ ಹಾಗೆ ಬರತೊಡಗಿತು. ಅದರ ಜೊತೆಗೆ ಚೀಲ ಹಿಡಿದು ಕೆಲವರು ಬಂದರು. ನನ್ನ ಹದಿನೈದು ದಿನದ ಬೋರ್ಡ್ ನೋಡಿ ಸಿಟ್ಟಾಗಿ ಬೇರೆ ಬೇರೆ ಅಂಗಡಿಯಲ್ಲಿ ಆರು ತಿಂಗಳದ್ದು ಕೂಡಿಟ್ಟವರು. ಡಾಕ್ಟರು ಈಗ ಗುಳಿಗೆ ಬದಲಾಯಿಸಿದ್ದಾರಂತೆ. "ಇದನ್ನ ವಾಪಸ್ ತಗೊಳ್ತೀರಾ?" ಅಂತ ಕೇಳಿದರು. ಬೇರೆ ಅಂಗಡಿಯ ಬಿಲ್ಲು, ಕೆಲವಕ್ಕೆ ಬಿಲ್ಲೂ ಇಲ್ಲ, ಮೇ ತಿಂಗಳ ಸೆಖೆಯಲ್ಲಿ ಎಲ್ಲಿಟ್ಟಿದ್ದರೋ. ಇಲ್ಲ ಅಂದೆ.